ಹಂಪಿ ಪ್ರವಾಸಿಯ ಕಾರ್ಡಿನ ಹಿಂದೆ
ಹಂಪಿ ಸುತ್ತಿ ಬಂದ ವಿದೇಶಿ ಪ್ರವಾಸಿ ಹೊಸಪೇಟೆಯ ಹೋಟೆಲ್ ಕೌಂಟರಿನಲ್ಲಿ ಕಾರ್ಡು ಕೊಡುತ್ತಾನೆ. ಸ್ವೈಪಿಂಗ್ ಮಷೀನು ತುಸು ತಡೆದು, ಕಿರ್ರೆಂದು ಚೀಟಿ ಹೊರಹಾಕುತ್ತದೆ. ಅಷ್ಟರೊಳಗೆ ಆತನ ಖಾತೆಯಲ್ಲಿ ದುಡ್ಡಿದೆಯೇ ಎಂದು ಸಾಗರದಾಚೆಯ ಬ್ಯಾಂಕಿನಲ್ಲಿ ವಿಚಾರಣೆಯೇ ಮುಗಿದಿರುತ್ತದೆ. ಅಮೆರಿಕ, ಯುರೋಪಿನ ದೊಡ್ಡ ಬ್ಯಾಂಕುಗಳಲ್ಲಿ ಆ ಲೆಕ್ಕ ನೋಡುವುದು ಹೆಚ್ಚಾಗಿ ಮೇನ್‌ಫ್ರೇಮ್ ಎಂಬ ದೊಡ್ಡ ಕಂಪ್ಯೂಟರ್. ಅದು ಐಬಿಎಂ ಕಂಪನಿ 1964ರ ಏಪ್ರಿಲ್‌ನಲ್ಲಿ ಪ್ರಕಟಿಸಿದ ಸಿಸ್ಟಂ/360ರ ವಂಶದ ಕುಡಿ. ಹಳೆಯ ಪ್ರೋಗ್ರಾಂ ಹೊಸ ಯಂತ್ರದಲ್ಲೂ ಓಡಬೇಕೆಂಬ ಹಟವೇ ಅದರ ದೀರ್ಘಾಯುಷ್ಯದ ಗುಟ್ಟು. ಕೆಟ್ಟ ಬಿಡಿಭಾಗವನ್ನೂ ಕೆಲಸ ನಿಲ್ಲಿಸದೆಯೇ ಬದಲಿಸಬಹುದು. ನಮ್ಮಲ್ಲಿ ‘ಸರ್ವರ್ ಡೌನ್’ ಕೇಳಿ ಕೇಳಿ ಸಾಕಾದವರಿಗೆ ಇದರ ಬೆಲೆ ಗೊತ್ತು. ಭಾರತದ ಕಥೆ ಬೇರೆ. ಐಬಿಎಂ 1978ರಲ್ಲಿ ಇಲ್ಲಿಂದ ಕಾಲ್ತೆಗೆಯಿತು, ನಮ್ಮ ಬ್ಯಾಂಕುಗಳು ತಡವಾಗಿ ಕಂಪ್ಯೂಟರಿಗೆ ಬಂದು ಹೆಚ್ಚಾಗಿ ಬೇರೆ ಬಗೆಯ ಸರ್ವರುಗಳನ್ನೇ ನಂಬಿಕೊಂಡವು. ಆದರೂ ವಿದೇಶಿ ಬ್ಯಾಂಕುಗಳ ಮೇನ್‌ಫ್ರೇಮ್ ನೋಡಿಕೊಳ್ಳುವ ಕೆಲಸ ಬೆಂಗಳೂರಿಗೆ ಧಾರಾಳವಾಗಿ ಬಂದಿದೆ. ಆ ಯಂತ್ರಗಳ ಪ್ರೋಗ್ರಾಂ ಬರೆಯುವ, 1959ರಲ್ಲಿ ರೂಪುಗೊಂಡ ಕೋಬಾಲ್ ಭಾಷೆ ಅಲ್ಲಿ ಇಂದಿಗೂ ಅನ್ನ ಹಾಕುತ್ತಿದೆ. ಸಂಡೂರು, ಕಂಪ್ಲಿಯಿಂದ ಬಿಇ ಓದಲು ಹೊರಟ ಮಕ್ಕಳಿಗೆ ಇದನ್ನು ಹೇಳುವವರು ಕಡಿಮೆ. ಈಗ ಎಲ್ಲರ ಬಾಯಲ್ಲೂ ಎಐ ಒಂದೇ.