ಸಾಸಿವೆ ಡಬ್ಬಿಯಲ್ಲ, ಬ್ಯಾಂಕು

ನಮ್ಮ ಊರುಗಳ ಹೆಣ್ಣುಮಕ್ಕಳು ಈಗ ಪ್ಯಾರಿಸ್, ಟೂಲೂಸ್ ಎಂದು ಫ್ರಾನ್ಸಿಗೂ ಹೋಗಿ ಕೆಲಸಕ್ಕೆ ಸೇರುತ್ತಿದ್ದಾರೆ. ಸಂತೋಷವೇ. ಆದರೆ ಅವರ ಹೆಸರಿನಲ್ಲಿ ತಾಯಂದಿರು ಇಲ್ಲಿ ಇಟ್ಟ ಠೇವಣಿಯ ಮಾತು ಬಂದರೆ ಸ್ಟಾಫ್ ರೂಮಿನಲ್ಲಿ ಕೇಳಿಬರುವ ಬುದ್ಧಿವಾದ ಒಂದೇ: "ಅಲ್ಲಿ ಯಾಕ್ರೀ ಹೇಳ್ಬೇಕು? ಇಲ್ಲಿಯ ಬಡ್ಡಿ ಅವರಿಗೆ ಹೇಗೆ ಗೊತ್ತಾಗತ್ತೆ?" ಹೀಗೆನ್ನುವವರು ಕಳ್ಳರಲ್ಲ. ತರಕಾರಿಯವಳು ಎರಡು ರೂಪಾಯಿ ಚಿಲ್ಲರೆ ಹೆಚ್ಚು ಕೊಟ್ಟರೆ ಕರೆದು ಹಿಂದಿರುಗಿಸುವವರು. ನನಗೆ ಸಿಟ್ಟು ಬರುವುದು ಅದಕ್ಕೇ.

ಫ್ರಾನ್ಸಿನಲ್ಲಿ ನೆಲೆಸಿದವರು ಜಗತ್ತಿನ ಯಾವ ಮೂಲೆಯಲ್ಲಿ ಬಂದ ಆದಾಯವನ್ನೂ ಅಲ್ಲಿ ತೋರಿಸಬೇಕು. ಬಡ್ಡಿಗೆ 2047 ಎಂಬ ನಮೂನೆ, ಅಲ್ಲಿಂದ ಮುಖ್ಯ ನಮೂನೆ 2042ಕ್ಕೆ. ಖಾತೆಗೆ ಬೇರೆಯೇ ಒಂದು, 3916. ಬಡ್ಡಿ ಬರಲಿ ಬಿಡಲಿ, ಖಾತೆ ಇದೆಯೆಂದು ಹೇಳಲೇಬೇಕು. ಜಂಟಿ ಖಾತೆಯೂ ಸೇರಿತು. ಹೇಳದಿದ್ದರೆ ಒಂದೊಂದು ಖಾತೆಗೆ ವರ್ಷಕ್ಕೆ 1,500 ಯೂರೋ ದಂಡ. ಐದು ಲಕ್ಷದ ಠೇವಣಿಗೆ ಏಳರಂತೆ 35,000 ರೂಪಾಯಿ ಬಡ್ಡಿ. ದಂಡ ಅದರ ಎಷ್ಟು ಪಟ್ಟು ಎಂದು ನೀವೇ ಲೆಕ್ಕ ಹಾಕಿ.

"ಎನ್‌ಆರ್‌ಇ ಬಡ್ಡಿಗೆ ತೆರಿಗೆಯೇ ಇಲ್ಲ" ಎಂಬುದು ಇನ್ನೊಂದು ಮಾತು. ಇಲ್ಲ, ಭಾರತದಲ್ಲಿ ಇಲ್ಲ. ನಮ್ಮ ಸರ್ಕಾರ ಬಿಟ್ಟುಕೊಟ್ಟದ್ದನ್ನು ಫ್ರಾನ್ಸೂ ಬಿಡಬೇಕೆಂದು ಎಲ್ಲಿದೆ? ಅಲ್ಲಿ 2018ರಿಂದ ಬಡ್ಡಿಗೆ ಸಾಮಾನ್ಯವಾಗಿ ಶೇಕಡಾ 12.8 ಆದಾಯ ತೆರಿಗೆ, ಜೊತೆಗೆ ಸಾಮಾಜಿಕ ಭದ್ರತೆಯ ವಂತಿಗೆ. ಎನ್‌ಆರ್‌ಒ ಖಾತೆಯಾದರೆ ಇಲ್ಲಿ ಮೊದಲೇ ಹಿಡಿದಿರುತ್ತಾರೆ; 1992ರ ಒಪ್ಪಂದದ ಮಿತಿಯೊಳಗೆ ಅದನ್ನು ಅಲ್ಲಿ ವಜಾ ಮಾಡಿಕೊಳ್ಳಬಹುದು. ಆದರೆ ಮುಚ್ಚಿಟ್ಟವರು ವಜಾ ಕೇಳುವುದು ಹೇಗೆ?

ಇನ್ನು ಗೊತ್ತಾಗುವ ವಿಷಯ. 2017ರಿಂದ ಎರಡೂ ದೇಶದ ತೆರಿಗೆ ಇಲಾಖೆಗಳು ಇಂಥ ಖಾತೆಗಳ ವಿವರವನ್ನು ವರ್ಷಕ್ಕೊಮ್ಮೆ ತಾವಾಗಿ ಹಂಚಿಕೊಳ್ಳುತ್ತಿವೆ. ಅದಕ್ಕೂ ಉಪಾಯ ಹೇಳುವವರಿದ್ದಾರೆ, ಖಾತೆಯನ್ನು ಹಳೆಯ ವಿಳಾಸದಲ್ಲೇ ಬಿಡಿ ಎಂದು. ಕೆಲಸಕ್ಕೆ ಪರದೇಶಕ್ಕೆ ಹೋದವಳ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಮಾಡಿಸಬೇಕೆಂಬುದು ನಮ್ಮದೇ ಕಾನೂನು. ಒಂದನ್ನು ಮುಚ್ಚಲು ಎರಡನೆಯದು!

ತಾಯಂದಿರ ಮನಸ್ಸು ನನಗೆ ಅರ್ಥವಾಗದ್ದಲ್ಲ. ಸಾಸಿವೆ ಡಬ್ಬಿಯಲ್ಲಿ ನೋಟು ಮಡಿಸಿಟ್ಟು ಸಂಸಾರ ತೂಗಿಸಿದ ಕುಲ ನಮ್ಮದು. ಅಳಿಯನಿಗೂ ಬೀಗರಿಗೂ ತಿಳಿಯದ ನಾಲ್ಕು ಕಾಸು ಮಗಳಿಗಿರಲಿ ಎಂಬುದು ದುರಾಸೆಯಲ್ಲ, ಅನುಭವ. ಆದರೆ ಫ್ರಾನ್ಸಿನಲ್ಲಿ ಗಂಡ ಹೆಂಡತಿಗೆ ಸಾಮಾನ್ಯವಾಗಿ ಒಂದೇ ತೆರಿಗೆ ಪತ್ರ. ನಾವು ಗುಟ್ಟಾಗಿಟ್ಟ ಬಡ್ಡಿ ಆ ಜಂಟಿ ಕಾಗದದಲ್ಲೇ ಕಾಣಬೇಕು. ಮುಚ್ಚಿಟ್ಟರೆ ಮಗಳು ಗಂಡನಿಗೂ ಸರ್ಕಾರಕ್ಕೂ ಒಟ್ಟಿಗೆ ಸುಳ್ಳು ಹೇಳಿದಂತೆ. ದಂಡದ ಕಾಗದ ಬಂದ ದಿನ ಆ ಮನೆಯಲ್ಲಿ ಉತ್ತರ ಹೇಳುವವಳು ಅವಳು, ನಾವಲ್ಲ. ಕೆಲವು ಹುಡುಗಿಯರಿಗೆ ತಮ್ಮ ಹೆಸರಲ್ಲಿ ಎಷ್ಟು ಠೇವಣಿ ಇದೆಯೆಂದೇ ತಿಳಿದಿರುವುದಿಲ್ಲ. ಇದು ಅವಳ ದುಡ್ಡು ಹೇಗಾಯಿತು?

ಆ ದೇಶದ ಹೆಂಗಸರಿಗೆ ಗಂಡನ ಒಪ್ಪಿಗೆಯಿಲ್ಲದೆ ಬ್ಯಾಂಕ್ ಖಾತೆ ತೆರೆಯುವ ಹಕ್ಕು ಸಿಕ್ಕಿದ್ದೇ 1965ರ ಕಾನೂನಿನಿಂದ. ಗುಟ್ಟಾಗಿ ಅಲ್ಲ, ತನ್ನ ಹೆಸರಿನಲ್ಲಿ, ಎಲ್ಲರಿಗೂ ಕಾಣುವಂತೆ. ತೆರಿಗೆ ಪತ್ರದಲ್ಲಿ ಬರೆದ ಮಾತ್ರಕ್ಕೆ ಖಾತೆಯ ಹೆಸರು ಬದಲಾಗುವುದಿಲ್ಲ. "ಇದು ನನ್ನಮ್ಮ ನನಗಿಟ್ಟದ್ದು" ಎಂದು ಗಂಡನೆದುರು ಹೇಳಲಾಗದ ಮದುವೆಯಾಗಿದ್ದರೆ, ತಾಯಿ ಚಿಂತಿಸಬೇಕಾದದ್ದು ಬಡ್ಡಿಯ ಬಗ್ಗೆ ಅಲ್ಲ.

ಆದ್ದರಿಂದ ಉಪ್ಪಿನಕಾಯಿ ಕಟ್ಟಿ ಕಳಿಸುವಾಗ ಖಾತೆಗಳ ಪಟ್ಟಿಯನ್ನೂ ಕಳಿಸಿ. ಬ್ಯಾಂಕಿನವರು ಕೊಡುವ ಬಡ್ಡಿ ಪತ್ರ ಸಾಮಾನ್ಯವಾಗಿ ಏಪ್ರಿಲ್‌ನಿಂದ ಮಾರ್ಚ್‌ವರೆಗಿನದು. ಫ್ರಾನ್ಸಿನ ಲೆಕ್ಕ ಜನವರಿಯಿಂದ ಡಿಸೆಂಬರ್. ಅಲ್ಲಿ ವಿವರ ಸಲ್ಲಿಸುವ ಕಾಲ ಏಪ್ರಿಲ್‌ನಲ್ಲಿ ಶುರುವಾಗುತ್ತದೆ. ಜನವರಿಯಲ್ಲೇ ಕೌಂಟರಿಗೆ ಹೋಗಿ ಹನ್ನೆರಡು ತಿಂಗಳದ್ದನ್ನು ಬೇರೆಯಾಗಿ ಕೇಳಿ. "ಯಾಕಮ್ಮಾ ಇದೆಲ್ಲ?" ಎಂದು ಗುಮಾಸ್ತರು ಗೊಣಗುತ್ತಾರೆ. ಗೊಣಗಲಿ, ಮುದ್ರೆ ಹಾಕಿಸಿಕೊಂಡೇ ಬನ್ನಿ.