ಕಾಂಡಕೋಶವೂ ಕಾಲುವೆಯ ಕೊನೆಯೂ

ಕಳೆದ ವಾರ ಮಾನ್ವಿ ತಾಲೂಕಿನ ರೈತರೊಬ್ಬರು ನಮ್ಮ ಕಚೇರಿಗೆ ಬಂದಿದ್ದರು. ತೋಳಿನಲ್ಲಿ ಐದು ವರ್ಷದ ಮಗ. ಹುಟ್ಟುವಾಗಲೇ ಆ ಹುಡುಗನ ಬೆನ್ನುಹುರಿಯು ಕೆಳಭಾಗದಲ್ಲಿ ಮುಚ್ಚಿಕೊಂಡಿರಲಿಲ್ಲ. ಎಳವೆಯಲ್ಲಿಯೇ ಶಸ್ತ್ರಚಿಕಿತ್ಸೆಯಾಗಿ ಪ್ರಾಣವೇನೋ ಉಳಿಯಿತು. ಕಾಲುಗಳಿಗೆ ಬಲ ಬರಲಿಲ್ಲ. ಮಡಿಸಿ ಮಡಿಸಿ ಸವೆದ ಕರಪತ್ರವೊಂದನ್ನು ಅವರು ನಮ್ಮ ಮುಂದೆ ಬಿಚ್ಚಿಟ್ಟು, "ಎರಡೆಕರೆ ಹೊಲ ಮಾರಿದ್ರ ಈ ಸೂಜಿ ಹಾಕಿಸಬಹುದಂತ್ರಿ ಸಾಹೇಬ್ರ. ಹುಡುಗ ಎದ್ದು ನಡದಾನೇನ್ರಿ?" ಎಂದು ಕೇಳಿದರು.

ಕರಪತ್ರದಲ್ಲಿದ್ದುದು ಕಾಂಡಕೋಶ ಚಿಕಿತ್ಸೆಯ ಮಾತು. ಸ್ಟೆಮ್ ಸೆಲ್ ಎಂಬ ಹೆಸರಿನಿಂದ ವಾಚಕರು ಇದನ್ನು ಕೇಳಿರಬಹುದು. ಪಾಠಶಾಲೆಯಲ್ಲಿ ಅಮರಕೋಶವನ್ನು ಬಾಯಿಪಾಠ ಮಾಡಿ, ಮೆಟ್ರಿಕ್ಯುಲೇಷನ್ನಿಗೆ ವಿದ್ಯೆ ಮುಗಿಸಿದ ನಾವು ಜೀವಶಾಸ್ತ್ರದಲ್ಲಿ ಪಂಡಿತರೆಂದು ಹೇಳಿಕೊಳ್ಳಲಾರೆವು. ಆದರೆ ಬಡವನ ಎರಡೆಕರೆಯ ಪ್ರಶ್ನೆ ಎದುರಿಗೆ ನಿಂತಾಗ, ಓದಿ, ತಿಳಿದವರನ್ನು ವಿಚಾರಿಸಿ, ನಿಜವನ್ನು ಹೇಳುವುದು ಪತ್ರಿಕೆಯ ಧರ್ಮವಾಗಿದೆ.

ಮೊದಲು ಈ ಶಾಸ್ತ್ರಕ್ಕೆ ಸಲ್ಲತಕ್ಕ ಗೌರವವನ್ನು ಸಲ್ಲಿಸೋಣ. ಒಂದು ಜೋಳದ ಕಾಳಿನಿಂದ ಬೇರು, ದಂಟು, ಎಲೆ, ತೆನೆಗಳು ಹೊರಡುವಂತೆ, ತಾಯಿಯ ಗರ್ಭದಲ್ಲಿ ಒಂದೇ ಜೀವಕೋಶದಿಂದ ಎಲುಬು, ರಕ್ತ, ನರ, ಕಣ್ಣುಗಳೆಲ್ಲವೂ ಉಂಟಾಗುವುವು. ಏನು ಬೇಕಾದರೂ ಆಗಬಲ್ಲ ಶಕ್ತಿಯನ್ನು ಉಳಿಸಿಕೊಂಡ ಕೋಶಗಳೇ ಕಾಂಡಕೋಶಗಳು. ೧೯೨೪ರಲ್ಲಿ ಜರ್ಮನಿಯ ಹಾನ್ಸ್ ಸ್ಪೇಮಾನ್ ಮತ್ತು ಹಿಲ್ಡೆ ಮಾಂಗೋಲ್ಡ್ ಎಂಬವರು ಒಂದು ಜಲಚರದ ಭ್ರೂಣದ ಚಿಕ್ಕ ತುಣುಕನ್ನು ಮತ್ತೊಂದು ಭ್ರೂಣದಲ್ಲಿ ನೆಟ್ಟು, ಅಲ್ಲಿ ಎರಡನೆಯ ನರಕೊಳವೆಯೇ ಮೂಡುವುದನ್ನು ತೋರಿಸಿಕೊಟ್ಟರು. ೧೯೬೨ರಲ್ಲಿ ಇಂಗ್ಲೆಂಡಿನ ಜಾನ್ ಗರ್ಡನ್ ಕಪ್ಪೆಯ ಕರುಳಿನ ಕೋಶಕೇಂದ್ರದಿಂದ ಗೊದಮೊಟ್ಟೆಯನ್ನು ಬೆಳೆಯಿಸಿದರು. ೨೦೦೬ರಲ್ಲಿ ಜಪಾನಿನ ಶಿನ್ಯಾ ಯಮನಾಕರು ಬೆಳೆದ ಇಲಿಯ ಕೋಶವನ್ನು ನಾಲ್ಕು ಜೀನುಗಳ ನೆರವಿನಿಂದ ಹಿಂದಿನ ಬಾಲ್ಯಾವಸ್ಥೆಗೆ ಮರಳಿಸಿದರು. ಮರುವರ್ಷ ಮನುಷ್ಯನ ಕೋಶದಲ್ಲಿಯೂ ಅದನ್ನೇ ಸಾಧಿಸಿದರು. ಗರ್ಡನ್ ಮತ್ತು ಯಮನಾಕರಿಗೆ ೨೦೧೨ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ನಮ್ಮ ನಾಡೂ ಹಿಂದೆ ಬಿದ್ದಿಲ್ಲವೆಂಬುದು ಅಭಿಮಾನದ ಸಂಗತಿ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಶ್ರೀಮತಿ ಮನೀಷಾ ಇನಾಮದಾರರ ತಂಡವು ಬಳಕೆಗೆ ಬಾರದೆಂದು ಬಿಟ್ಟ ಭ್ರೂಣಗಳಿಂದ ಎರಡು ಮಾನವ ಕಾಂಡಕೋಶ ಸಂತತಿಗಳನ್ನು ಪಡೆದು ೨೦೦೯ರಲ್ಲಿ ಪ್ರಕಟಿಸಿತು. ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ, ರಕ್ತ ಹೆಪ್ಪುಗಟ್ಟದ ಹೀಮೋಫೀಲಿಯಾ ರೋಗದ ಐವರಿಗೆ ಅವರದೇ ರಕ್ತದ ಕಾಂಡಕೋಶಗಳನ್ನು ತಿದ್ದಿ ಮರಳಿ ಕೊಡಲಾಯಿತು. ಅವರಲ್ಲಿ ರಕ್ತಸ್ರಾವವು ನಿಂತಿತೆಂಬ ವರದಿಯು ೨೦೨೪ರಲ್ಲಿ ಹೊರಬಂದಿತು.

ಇಷ್ಟೆಲ್ಲ ನಿಜವಿರುವಾಗ ಆ ಕರಪತ್ರವೂ ನಿಜವಾಗಿರಬಾರದೇಕೆ? ಸುಳ್ಳಿನ ವ್ಯಾಪಾರವು ನಡೆಯುವುದು ಇಲ್ಲಿಯೇ. ಸತ್ಯದ ನೆರಳಿನಲ್ಲಿ ಕುಳಿತ ಸುಳ್ಳಿಗೆ ಗಿರಾಕಿಗಳು ಹೆಚ್ಚು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ಜೈವಿಕ ತಂತ್ರಜ್ಞಾನ ಇಲಾಖೆಯೂ ಕೂಡಿ ೨೦೧೭ರಲ್ಲಿ ಹೊರಡಿಸಿದ ನಿಯಮಾವಳಿಯ ಪ್ರಕಾರ, ರಕ್ತ ಸಂಬಂಧವಾದ ಕೆಲವು ರೋಗಗಳಿಗೆ ಮಾಡುವ ಅಸ್ಥಿಮಜ್ಜೆಯ ಕಸಿಯಂಥ ಚಿಕಿತ್ಸೆಯನ್ನು ಬಿಟ್ಟರೆ, ಉಳಿದ ಕಾಂಡಕೋಶ ಚಿಕಿತ್ಸೆಗಳೆಲ್ಲ ಇನ್ನೂ ಪರೀಕ್ಷೆಯ ಹಂತದಲ್ಲಿರತಕ್ಕವು. ಅಪ್ಪಣೆ ಪಡೆದ ಪರೀಕ್ಷೆಯ ಹೊರಗೆ ಅವುಗಳನ್ನು ಕೊಡುವಂತಿಲ್ಲ. ಪರೀಕ್ಷೆಗೆ ಒಳಪಟ್ಟ ರೋಗಿಯಿಂದ ಅದಕ್ಕಾಗಿ ಹಣ ಕೀಳುವಂತೆಯೂ ಇಲ್ಲ. ಲಕ್ವವನ್ನು ಗುಣಪಡಿಸುವೆನೆಂದು ಔಷಧದ ಜಾಹೀರಾತು ಕೊಡುವುದನ್ನು ೧೯೫೪ರ ಕಾನೂನೇ ನಿಷೇಧಿಸಿದೆ. ಇನ್ನು ಈ ಹುಡುಗನ ರೋಗದ ಮಾತು. ಅಮೆರಿಕೆಯ ಕ್ಯಾಲಿಫೋರ್ನಿಯಾದಲ್ಲಿ ೨೦೨೧ರಿಂದ ಒಂದು ಪರೀಕ್ಷೆ ನಡೆದಿದೆ. ಆದರೆ ಅಲ್ಲಿ ಕಾಂಡಕೋಶಗಳ ತೇಪೆಯನ್ನು ಹಾಕುವುದು ಮಗು ಇನ್ನೂ ಗರ್ಭದಲ್ಲಿರುವಾಗ. ಹುಟ್ಟಿ ಐದು ವರ್ಷವಾದ ಮಗುವನ್ನು ಸೂಜಿಯಿಂದ ಎಬ್ಬಿಸಿ ನಡೆಸುವ ವಿದ್ಯೆ ಇಂದು ಯಾರಲ್ಲಿಯೂ ಇಲ್ಲ.

ಹಾಗಾದರೆ ಈ ಭ್ರೂಣಶಾಸ್ತ್ರದಿಂದ ನಮ್ಮ ದೇವದುರ್ಗ, ಮಾನ್ವಿಗಳಿಗೆ ಪ್ರಯೋಜನವೇನೂ ಇಲ್ಲವೋ? ಇದೆ, ಅದು ಎರಡೆಕರೆಯ ಬೆಲೆಯದಲ್ಲ, ಬಿಡಿಗಾಸಿನದು. ಗರ್ಭ ನಿಂತ ಮೇಲೆ ಚಪ್ಪಟೆಯಾದ ಹಾಳೆಯಂತಿದ್ದ ಪದರವೊಂದು ಮಡಿಚಿಕೊಂಡು ಕೊಳವೆಯಾಗಿ, ಸುಮಾರು ೨೮ನೆಯ ದಿನದೊಳಗೆ ಮುಚ್ಚಿಕೊಳ್ಳುವುದು. ಅದೇ ಮುಂದೆ ಮಿದುಳೂ ಬೆನ್ನುಹುರಿಯೂ ಆಗುವುದು. ಅಷ್ಟರೊಳಗೆ ಮುಚ್ಚದಿದ್ದರೆ ಈ ಹುಡುಗನ ಗತಿ. ಅನೇಕ ಹೆಣ್ಣುಮಕ್ಕಳಿಗೆ ಆ ಹೊತ್ತಿಗೆ ತಾವು ಗರ್ಭಿಣಿಯರೆಂಬುದೇ ತಿಳಿದಿರುವುದಿಲ್ಲ.

ಈ ದೋಷವನ್ನು ಬಹುಮಟ್ಟಿಗೆ ತಡೆಯುವ ವಸ್ತು ಫೋಲಿಕ್ ಆಮ್ಲ. ಇದರ ಕಥೆಗೆ ನಮ್ಮ ದೇಶವೇ ತೌರುಮನೆ. ೧೯೨೮ರಲ್ಲಿ ಮುಂಬಯಿಗೆ ಬಂದ ಲೂಸಿ ವಿಲ್ಸ್ ಎಂಬ ವೈದ್ಯೆಯು ಬಟ್ಟೆ ಗಿರಣಿಗಳ ಬಡ ಗರ್ಭಿಣಿಯರ ರಕ್ತಹೀನತೆಯನ್ನು ಪರಿಶೀಲಿಸಿ, ಹುದುಗಿನ ಸಾರದಿಂದ ಅದು ವಾಸಿಯಾಗುವುದೆಂದು ೧೯೩೧ರಲ್ಲಿ ತಿಳಿಸಿದಳು. ಆ ಸಾರದಲ್ಲಿದ್ದ ಸತ್ತ್ವವೇ ಮುಂದೆ ಫೋಲಿಕ್ ಆಮ್ಲವೆನಿಸಿತು. ೧೯೯೧ರಲ್ಲಿ ಏಳು ದೇಶಗಳ ೩೩ ಕೇಂದ್ರಗಳಲ್ಲಿ ನಡೆದ ಪರೀಕ್ಷೆಯ ಫಲ ಹೊರಬಿದ್ದಿತು. ಹಿಂದೆ ಇಂಥ ಮಗುವನ್ನು ಹಡೆದ ತಾಯಂದಿರು ಗರ್ಭಕ್ಕೆ ಮೊದಲೇ ಇದನ್ನು ಸೇವಿಸಿದರೆ ನೂರಕ್ಕೆ ೭೨ರಷ್ಟು ದೋಷವು ತಪ್ಪುವುದೆಂದು ಸಿದ್ಧವಾಯಿತು. ಮುಂಬಯಿಯ ಗಿರಣಿಯ ಹೆಣ್ಣುಮಕ್ಕಳ ರಕ್ತದಿಂದ ಹುಟ್ಟಿದ ಜ್ಞಾನವು ನಮ್ಮ ಹತ್ತಿಯ ಹೊಲದ ಹೆಣ್ಣುಮಗಳಿಗೆ ಹೊತ್ತಿಗೆ ಸರಿಯಾಗಿ ಮುಟ್ಟಬಾರದೇ?

ಮಾತ್ರೆಯು ಸರ್ಕಾರದಲ್ಲಿಲ್ಲವೆಂದಲ್ಲ. ಗರ್ಭಿಣಿಯ ಹೆಸರು ದಾಖಲಾದೊಡನೆ ಕೊಡುವ ಏರ್ಪಾಡಿದೆ. ಕಿಶೋರಿಯರಿಗೂ ಪ್ರಾಯದ ಹೆಂಗಸರಿಗೂ ವಾರಕ್ಕೊಂದು ಕಬ್ಬಿಣದ ಮಾತ್ರೆಯೊಡನೆ ಇದನ್ನು ಕೂಡಿಸಿ ಕೊಡುವ ಯೋಜನೆಯೂ ಇದೆ. ಆದರೆ ಎರಡು ಮೂರು ತಿಂಗಳು ಕಳೆದ ಮೇಲೆ ಹೆಸರು ದಾಖಲಾದರೆ, ಕೊಳವೆ ಮುಚ್ಚುವ ಗಳಿಗೆಯು ಎಂದೋ ಮೀರಿ ಹೋಗಿರುವುದು. ಹೊಟ್ಟೆಪಾಡಿಗೆ ಬೆಂಗಳೂರಿಗೆ ಗುಳೆ ಹೋದ ಸಂಸಾರದ ಸೊಸೆಗೆ ಊರಿನ ಆಶಾ ಕಾರ್ಯಕರ್ತೆಯೂ ಇಲ್ಲ, ಪರವೂರಿನ ದಾಖಲೆಯೂ ಇಲ್ಲ. ತುಂಗಭದ್ರೆಯ ಎಡದಂಡೆ ಕಾಲುವೆಯ ಕೊನೆಯಲ್ಲಿರುವ ನಮ್ಮ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜಲಾಶಯ ತುಂಬಿದೆಯೆಂಬ ಸುದ್ದಿಯಿಂದ ಕೊನೆಯ ಹೊಲದ ಪೈರು ನೆನೆಯುವುದಿಲ್ಲ. ನೀರು ಹೊತ್ತು ಮೀರಿ ಬಂದರೂ ಪೈರು ಬದುಕುವುದಿಲ್ಲ.

ಆದುದರಿಂದ ನಮ್ಮ ಸೂಚನೆಗಳು ಇವು. ವಿಶ್ವ ಆರೋಗ್ಯ ಸಂಸ್ಥೆಯು ಹೇಳುವಂತೆ, ಮಗು ಬೇಕೆಂದು ಎಣಿಸಿದ ದಿನದಿಂದ ೧೨ನೆಯ ವಾರದವರೆಗೆ ದಿನಕ್ಕೆ ೪೦೦ ಮೈಕ್ರೋಗ್ರಾಂ ಮಾತ್ರೆಯು ಪ್ರತಿ ನವವಧುವಿಗೂ ಮುಟ್ಟಲಿ. ಮದುವೆಯ ಅಕ್ಷತೆಯ ಹಿಂದೆಯೇ ಆಶಾ ಕಾರ್ಯಕರ್ತೆಯು ಮನೆಗೆ ಹೋಗಲಿ. ಹಿಂದೆ ಇಂಥ ಮಗುವನ್ನು ಹಡೆದ ತಾಯಿಗೆ ಇದರ ಹತ್ತು ಪಾಲಿನಷ್ಟು ಪ್ರಮಾಣವು ವೈದ್ಯರ ಸಲಹೆಯಿಂದ ಬೇಕಾಗುವುದು. ಅವಳನ್ನು ಹುಡುಕಿಕೊಂಡು ಹೋಗಲಿ. ಪುಂಡಿಪಲ್ಯ, ಮೆಂತ್ಯೆ, ಹೆಸರು, ಕಡಲೆಗಳು ಊಟದಲ್ಲಿರಲಿ; ಆದರೆ ಅವು ಮಾತ್ರೆಗೆ ಬದಲಾಗಲಾರವು. ಎರಡನೆಯದಾಗಿ, ಸುಳ್ಳು ಕರಪತ್ರ ಹಂಚುವವರ ಮೇಲೆ ಜಿಲ್ಲಾಡಳಿತವು ಇರುವ ಕಾನೂನನ್ನೇ ಪ್ರಯೋಗಿಸಲಿ. ಮೂರನೆಯದಾಗಿ, ರಾಯಚೂರಿನ ವೈದ್ಯಕೀಯ ವಿಜ್ಞಾನ ಸಂಸ್ಥೆಯು ಇಂಥ ಮಕ್ಕಳ ಕಾಲುಪಟ್ಟಿ, ಅಂಗಮರ್ದನ, ಮೂತ್ರಕೋಶದ ರಕ್ಷಣೆ ಇವುಗಳನ್ನು ಒಂದೇ ಸೂರಿನಡಿ ನೋಡುವ ದಿನವೊಂದನ್ನು ಗೊತ್ತುಮಾಡಲಿ. ರಾಯಚೂರಿಗೆ ಏಮ್ಸ್ ಬೇಕೆಂದು ೨೦೨೨ರ ಮೇ ತಿಂಗಳಲ್ಲಿ ಹೂಡಿದ ಧರಣಿಯು ಸಾವಿರ ದಿನಗಳನ್ನು ದಾಟಿತು. ಆ ಬೇಡಿಕೆ ನ್ಯಾಯವಾದುದು. ಆದರೆ ಈ ಮಾತ್ರೆಗೆ ಏಮ್ಸ್ ಬರುವವರೆಗೆ ಕಾಯಬೇಕಾಗಿಲ್ಲ.

ಒಂದು ಮಾತನ್ನು ಮಾತ್ರ ಯಾರೂ ಮರೆಯಬಾರದು. ಇಂಥ ಮಗು ಹುಟ್ಟಿದ್ದಕ್ಕೆ ತಾಯಿಯನ್ನು ದೂರುವುದು ಅಜ್ಞಾನ, ಅನ್ಯಾಯ. ಮಾತ್ರೆ ನುಂಗಿದವರಲ್ಲಿಯೂ ಕೆಲವೊಮ್ಮೆ ಈ ದೋಷವು ತಪ್ಪುವುದಿಲ್ಲ. ನುಂಗದವರಿಗೆ ಅದನ್ನು ಹೇಳಿದವರು ಯಾರು?

ಮಾನ್ವಿಯ ಆ ಗೃಹಸ್ಥರಿಗೆ ನಾವು, "ಹೊಲ ಮಾರಬೇಡಿ" ಎಂದೆವು. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಸೆಯನ್ನು ಕಿತ್ತುಕೊಂಡ ಪಾಪ ನಮ್ಮನ್ನು ಆ ರಾತ್ರಿ ಕಾಡಿತು. ಆದರೆ ಹುಡುಗನ ಕಣ್ಣು ನಮ್ಮ ಮೇಜಿನ ಮೇಲಿದ್ದ ಪತ್ರಿಕೆಯ ದಪ್ಪಕ್ಷರಗಳ ಮೇಲಿತ್ತು; ಒಂದೊಂದನ್ನೂ ಕೂಡಿಸಿ ಓದುತ್ತಲಿದ್ದನು. ಆ ಎರಡೆಕರೆ ಅವನ ಓದಿಗೆ ಉಳಿಯಲಿ. ಅವನಿಗೆ ನಾಳೆ ಹುಟ್ಟುವ ತಂಗಿಗೆ, ಹೊತ್ತು ಮೀರುವ ಮೊದಲು, ಆ ಮಾತ್ರೆ ಮುಟ್ಟಲಿ.