ಸಿಲೊವಾಮಿನ ಬುರುಜೂ ಪಾಡಿಯ ಮೇಲಿನ ಟವರೂ



ಲೂಕನ ಸುವಾರ್ತೆಯ 13ನೆಯ ಅಧ್ಯಾಯದಲ್ಲಿ ಒಂದು ಅಪಘಾತದ ಸುದ್ದಿ ಇದೆ. ಸಿಲೊವಾಮಿನಲ್ಲಿ ಬುರುಜು ಬಿದ್ದು ಹದಿನೆಂಟು ಮಂದಿ ಸತ್ತಿದ್ದರು. ಅವರು ಯಾರು, ಏನು ಕೆಲಸದವರು ಎಂದು ಸುವಾರ್ತೆಯಲ್ಲಿ ಬರೆದಿಲ್ಲ. ಬುರುಜಿನ ಬುಡದಲ್ಲಿ ಇದ್ದವರು, ಅಷ್ಟೆ. ಸತ್ತವರು ಊರಿನ ಉಳಿದವರಿಗಿಂತ ದೊಡ್ಡ ಪಾಪಿಗಳಾಗಿದ್ದರೋ ಎಂದು ಕರ್ತನು ಕೇಳಿ, ಇಲ್ಲವೆಂದು ತಾನೇ ಉತ್ತರ ಹೇಳಿದನು. ಮನಸ್ಸು ತಿರುಗಿಸಿಕೊಳ್ಳಬೇಕೆಂಬ ಮಾತನ್ನು ಅವನು ಬದುಕಿದ್ದವರಿಗೆ ಹೇಳಿದನು. ಬುರುಜು ಬಿದ್ದ ಮೇಲೆ ಹಣೆಬರಹ ಎನ್ನುವುದು ಸುಲಭ. ಬೀಳುವ ಮೊದಲು ಅದರ ಬುಡವನ್ನು ನೋಡಿದವರು ಯಾರು ಎಂದು ಕೇಳುವುದು ಕಷ್ಟ. ಈ ಸಲ ನಾನು ಬರೆಯುವುದು ಆ ಕಷ್ಟದ ಪ್ರಶ್ನೆಯ ವಿಷಯ.

ನಮ್ಮ ಪಾಡಿಯ ಮೇಲಿನ ದಿಣ್ಣೆಗೆ ಒಂದು ದಿನ ಜೆ.ಸಿ.ಬಿ. ಬಂತು. ಟೀ ಗಿಡಗಳನ್ನು ಕಿತ್ತು, ಗುಡ್ಡ ಕಡಿದು, ಜಾಗ ಸಮ ಮಾಡಿತು. ಏನು ಕಟ್ಟುತ್ತಾರೆ ಎಂದು ನಮಗೆ ಯಾರೂ ಹೇಳಲಿಲ್ಲ. ಕಬ್ಬಿಣ ಬಂದು ಇಳಿದ ಮೇಲೆ ಫೋನಿನ ಟವರು ಎಂದು ತಿಳಿಯಿತು. ಹೆಂಗಸರು ಮೇಸ್ತ್ರಿಯನ್ನು ಕೇಳಿದರೆ, ಆಫೀಸಿನಲ್ಲಿ ಕೇಳಿ ಎಂದ. ಆಫೀಸಿನಲ್ಲಿ ಕೇಳಿದರೆ, ಅದು ಟವರ್ ಕಂಪನಿಯ ಕೆಲಸ, ನಾವು ಜಾಗ ಮಾತ್ರ ಬಾಡಿಗೆಗೆ ಕೊಟ್ಟದ್ದು ಎಂದರು. ವಾರ್ಡಿನ ಮೆಂಬರನ್ನು ಕೇಳಿದರೆ, ಈಗ ಪಂಚಾಯತಿಗೆ ಅಧಿಕಾರವೇ ಇಲ್ಲಕ್ಕಾ, ಎಲ್ಲಾ ದಿಲ್ಲಿಯಿಂದ ಎಂದು ಕೈಚೆಲ್ಲಿದರು. ಬಾಡಿಗೆ ಎಸ್ಟೇಟಿಗೆ ಹೋಗುತ್ತದೆ, ಲಾಭ ಕಂಪನಿಗೆ ಹೋಗುತ್ತದೆ. ಅದರ ಬುಡದಲ್ಲಿ ಮಕ್ಕಳನ್ನು ಮಲಗಿಸುವವರಿಗೆ ಮಾತ್ರ ಒಂದು ಕಾಗದವೂ ಇಲ್ಲ, ಒಂದು ಮಾತೂ ಇಲ್ಲ.

ಇದಾದ ಮೇಲೆ ನಮ್ಮೊಳಗೇ ಎರಡು ಗುಂಪಾಯಿತು. ಟವರಿನಿಂದ ಕ್ಯಾನ್ಸರು ಬರುತ್ತದೆ, ಹೆಂಗಸರ ಗರ್ಭ ನಿಲ್ಲುವುದಿಲ್ಲ, ಕಿತ್ತು ಹಾಕಲೇಬೇಕು ಎಂದು ಒಂದು ಗುಂಪು. ಸಿಗ್ನಲ್ ಬೇಕು ಅಂದವರೂ ನೀವೇ, ಟವರು ಬೇಡ ಅನ್ನುವವರೂ ನೀವೇ, ದೊರೆಯ ಹತ್ತಿರ ಜಗಳ ಯಾತಕ್ಕೆ ಎಂದು ಇನ್ನೊಂದು ಗುಂಪು. ಎರಡು ಗುಂಪೂ ತಪ್ಪು ದಾರಿಯಲ್ಲಿವೆ ಎಂದು ಹೇಳಲು ಈ ಲೇಖನ.

ಮೊದಲು ಭಯದ ಮಾತು. ಟವರಿನ ಅಲೆಗಳ ವಿಷಯದಲ್ಲಿ ನಾವು ಸುಳ್ಳು ಹೇಳಬಾರದು, ಸುಳ್ಳಿನಿಂದ ಕಾರ್ಮಿಕನಿಗೆ ಎಂದೂ ನ್ಯಾಯ ಸಿಕ್ಕಿಲ್ಲ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಈ ಅಲೆಗಳನ್ನು ಕ್ಯಾನ್ಸರು ತರುವ ಸಾಧ್ಯತೆಯನ್ನು ತಳ್ಳಿಹಾಕಲಾಗದ ವಸ್ತುಗಳ ಪಟ್ಟಿಗೆ ಸೇರಿಸಿತು. ತರುತ್ತದೆ ಎಂದು ಸಿದ್ಧವಾದವುಗಳ ಪಟ್ಟಿ ಬೇರೆಯೇ ಇದೆ. ಅದೇ ಸಂಸ್ಥೆ ಮಾಡಿಸಿ 2024ರಲ್ಲಿ ಪ್ರಕಟವಾದ ದೊಡ್ಡ ಪರಿಶೀಲನೆಯಲ್ಲಿ ಮೊಬೈಲ್ ಫೋನಿಗೂ ಮೆದುಳಿನ ಕ್ಯಾನ್ಸರಿಗೂ ಸಂಬಂಧ ಕಾಣಲಿಲ್ಲ. ನಮ್ಮ ದೇಶದಲ್ಲಿ 2012ರ ಸೆಪ್ಟೆಂಬರ್ 1ರಂದು ಜಾರಿಗೆ ಬಂದ ನಿಯಮದಲ್ಲಿ ಅಂತರರಾಷ್ಟ್ರೀಯ ಮಿತಿಯ ಹತ್ತರಲ್ಲಿ ಒಂದು ಪಾಲನ್ನು ಮಿತಿಯಾಗಿ ಇಟ್ಟರು. 900 ಮೆಗಾಹರ್ಟ್ಸ್ ಅಲೆಗೆ ಚದರ ಮೀಟರಿಗೆ 4.5 ವ್ಯಾಟ್ ಇದ್ದದ್ದು 0.45 ವ್ಯಾಟ್ ಆಯಿತು.

ಆದರೆ ಮಿತಿ ಇದೆ ಎಂದರೆ ಅಳತೆಯೂ ಇರಬೇಕಲ್ಲವೇ? ಅಳೆಯುವವರು ಯಾರು? ಮಿತಿಯೊಳಗೆ ಇದ್ದೇವೆ ಎಂದು ಕಂಪನಿ ತಾನೇ ಬರೆದು ಕೊಡುತ್ತದೆ. ಟವರುಗಳಲ್ಲಿ ನೂರಕ್ಕೆ ಹತ್ತರವರೆಗೆ ಆರಿಸಿ ಕೇಂದ್ರದ ದೂರಸಂಪರ್ಕ ಇಲಾಖೆ ಪರೀಕ್ಷಿಸುವ ಕ್ರಮ ಇಟ್ಟುಕೊಂಡಿತು. 2017ರ ಮೇ ತಿಂಗಳಲ್ಲಿ 'ತರಂಗ್ ಸಂಚಾರ್' ಎಂಬ ಸರಕಾರಿ ವ್ಯವಸ್ಥೆ ಶುರುವಾಯಿತು. ಅದರಲ್ಲಿ ಯಾರು ಬೇಕಾದರೂ ತಮ್ಮ ಮನೆಯ ಹತ್ತಿರ ಅಳತೆ ಮಾಡಿಸಬಹುದು, ಶುಲ್ಕ 4,000 ರೂಪಾಯಿ ಎಂದು ಇಟ್ಟರು. ಟೀ ಸೊಪ್ಪು ಕೀಳುವ ಹೆಂಗಸಿಗೆ ಅದು ಒಂದು ವಾರದ ದುಡಿಮೆಗಿಂತ ಹೆಚ್ಚು. ತನ್ನ ಮಗುವಿನ ತಲೆಯ ಮೇಲೆ ಏನು ಬೀಳುತ್ತಿದೆ ಎಂದು ತಿಳಿಯಲು ತಾಯಿ ವಾರದ ಕೂಲಿ ಕೊಡಬೇಕು, ಟವರು ನಿಲ್ಲಿಸಿದವನು ಒಂದು ಸಹಿ ಹಾಕಿದರೆ ಸಾಕು. ಇದು ನ್ಯಾಯವೇ?

ಗುಡ್ಡದ ಮೇಲೆ ಇನ್ನೊಂದು ಸಂಗತಿ ಇದೆ. ಟವರಿನ ಆಂಟೆನ್ನಾ ಅಲೆಯನ್ನು ಮುಖ್ಯವಾಗಿ ಎದುರಿಗೆ ಬಿಡುತ್ತದೆ, ಕಾಲಬುಡಕ್ಕೆ ಬೀಳುವುದು ಕಡಿಮೆ. ದೂರ ಎರಡರಷ್ಟಾದರೆ ಅಲೆಯ ಬಲ ನಾಲ್ಕರಲ್ಲಿ ಒಂದಾಗುತ್ತದೆ. ಬಯಲು ಸೀಮೆಯಲ್ಲಿ ಮನೆಗಳು ಆಂಟೆನ್ನಾಕ್ಕಿಂತ ಕೆಳಗೆ ಇರುತ್ತವೆ. ನಮ್ಮಲ್ಲಿ ಟವರು ಒಂದು ಇಳಿಜಾರಿನಲ್ಲಿ ನಿಂತರೆ, ಎದುರಿನ ಇಳಿಜಾರಿನ ಪಾಡಿ ಆಂಟೆನ್ನಾದ ಎತ್ತರಕ್ಕೇ ಸರಿಯಾಗಿ ಇರಬಹುದು. ಆದುದರಿಂದ ಅಳತೆ ಆಗಬೇಕಾದದ್ದು ಆ ಪಾಡಿಯ ಬಾಗಿಲಲ್ಲಿ. ಟವರಿನ ಗೇಟಿನಲ್ಲಿ ಅಳೆದು ಹೋದರೆ ಸಾಲದು.

ಇನ್ನು ಅಧಿಕಾರದ ಮಾತು. ಕೋಝಿಕ್ಕೋಡ್ ಜಿಲ್ಲೆಯ ಚೇಮಂಚೇರಿ ಗ್ರಾಮ ಪಂಚಾಯತಿಯ ಮೊಕದ್ದಮೆಯಲ್ಲಿ ಕೇರಳ ಹೈಕೋರ್ಟು 2006ರಲ್ಲೇ ಒಂದು ಮಾತು ಹೇಳಿತು: ಪರಿಣಿತರ ಆಧಾರವಿಲ್ಲದೆ, ಜನರ ಭಯ ಒಂದನ್ನೇ ಹಿಡಿದು ಪಂಚಾಯತಿಯು ಟವರನ್ನು ತಡೆಯಲಾಗದು. ಅಂದಿನಿಂದ ಇಂದಿನವರೆಗೂ ನಾವು ಭಯವನ್ನೇ ಬರೆದು ಅರ್ಜಿ ಕೊಡುತ್ತಿದ್ದೇವೆ. ಪಂಚಾಯತಿ ಒಂದು ನಿರ್ಣಯ ಮಾಡುತ್ತದೆ, ಕಂಪನಿ ಕೋರ್ಟಿಗೆ ಹೋಗುತ್ತದೆ, ನಿರ್ಣಯ ಬೀಳುತ್ತದೆ. ಮೆಂಬರಿಗೆ ಮತ ಉಳಿಯಿತು, ಕಂಪನಿಗೆ ಟವರು ಉಳಿಯಿತು. ನಮಗೆ ಉಳಿದದ್ದೇನು? ಭಯದ ಅರ್ಜಿ ಪಂಚಾಯತಿಯ ನಿಜವಾದ ಕೆಲಸವನ್ನು ಮರೆಸುತ್ತದೆ. ಮೆಂಬರುಗಳಿಗೆ ಅದು ಇಷ್ಟವಾಗುವುದು ಇದಕ್ಕೇ.

ನಿಜವಾದ ಕೆಲಸ ಯಾವುದು? ಮೂವತ್ತು ನಲವತ್ತು ಮೀಟರ್ ಎತ್ತರದ ಕಬ್ಬಿಣ. ಅದರ ಅಡಿಪಾಯ ಎಷ್ಟು ಆಳ? ಕಡಿದ ಗುಡ್ಡಕ್ಕೆ ತಡೆಗೋಡೆ ಕಟ್ಟಿದ್ದಾರೋ? ಮಳೆನೀರು ಯಾವ ಕಡೆಗೆ ಹರಿಯುತ್ತದೆ, ತೋಡಿಗೋ ಪಾಡಿಗೋ? ಸಿಡಿಲು ಹೊಡೆದರೆ ಭೂಮಿಗೆ ಇಳಿಸುವ ತಂತಿ ಸರಿ ಇದೆಯೋ? ಬೇಲಿ ಇದೆಯೋ, ಮಕ್ಕಳು ಒಳಗೆ ನುಗ್ಗುತ್ತಾರೋ? ಕರೆಂಟು ಹೋದಾಗ ಹೊಡೆಯುವ ಜನರೇಟರಿನ ಹೊಗೆ ಯಾರ ಅಡುಗೆಮನೆಗೆ ಬರುತ್ತದೆ? ಅದರ ಸದ್ದು ಒಂದು ಮೀಟರ್ ದೂರದಲ್ಲಿ 75 ಡೆಸಿಬೆಲ್ ಮೀರಬಾರದು ಎಂಬ ನಿಯಮ ಇದೆ. ಯಾರಾದರೂ ಅಳೆದರೋ? ಇದಕ್ಕೆಲ್ಲಾ ವಿಜ್ಞಾನಿಗಳು ಬೇಕಿಲ್ಲ. ಕಣ್ಣು, ಅಳತೆಯ ಟೇಪು, ಮತ್ತು ಕೇಳುವ ಧೈರ್ಯ ಬೇಕು.

ವಯನಾಡಿನ ನಾವು ಇಳಿಜಾರನ್ನು ಲಘುವಾಗಿ ಕಾಣಬಾರದು. 2019ರ ಆಗಸ್ಟಿನಲ್ಲಿ ಪುತ್ತುಮಲೆ, 2024ರ ಜುಲೈ 30ರ ಬೆಳಗಿನ ಜಾವ ಮುಂಡಕ್ಕೈ ಮತ್ತು ಚೂರಲ್‌ಮಲೆ. ಎರಡನೆಯದರಲ್ಲಿ ಇನ್ನೂರೈವತ್ತಕ್ಕೂ ಹೆಚ್ಚು ಜೀವ ಹೋಯಿತು, ಎಸ್ಟೇಟ್ ಪಾಡಿಗಳೂ ಕೊಚ್ಚಿಹೋದವು. ಅದು ಟವರಿನಿಂದ ಆದದ್ದಲ್ಲ. ಆದರೆ ನೆನೆದ ಗುಡ್ಡವನ್ನು ಕಡಿಯುವುದು ಎಂಥ ಕೆಲಸ ಎಂದು ಆ ದಿನದ ನಂತರ ನಮಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಅದೇ ರಾತ್ರಿ ಸಹಾಯಕ್ಕೆ ಕೂಗಿದವರು ಕೂಗಿದ್ದು ಕೈಯಲ್ಲಿದ್ದ ಫೋನಿನಿಂದ. ಆದುದರಿಂದ ಟವರು ಬೇಡ ಎನ್ನುವವನು ನಾನಲ್ಲ. ಸಿಗ್ನಲ್ ಇಲ್ಲದ ಪಾಡಿಯಲ್ಲಿ ಹೆರಿಗೆ ನೋವು ಬಂದ ಹೆಂಗಸಿನ ಕಷ್ಟ ನಮಗೆ ಗೊತ್ತು. ಟವರು ಇರಲಿ, ಅದನ್ನು ನೋಡುವ ಕಣ್ಣೂ ಇರಲಿ.

ಕಾನೂನು ಎತ್ತ ಹೋಗುತ್ತಿದೆ ನೋಡಿ. 2016ರಲ್ಲಿ ಕೇಂದ್ರ ಸರಕಾರ ಮಾಡಿದ ನಿಯಮದಲ್ಲಿ, ಅರುವತ್ತು ದಿನದೊಳಗೆ ಅಧಿಕಾರಿ ಉತ್ತರ ಕೊಡದಿದ್ದರೆ ಅನುಮತಿ ಸಿಕ್ಕಿತೆಂದೇ ಲೆಕ್ಕ ಎಂದಾಯಿತು. 2022ರ ಆಗಸ್ಟಿನ ತಿದ್ದುಪಡಿಯಲ್ಲಿ, ಖಾಸಗಿ ಜಾಗವಾದರೆ ಸ್ಥಳೀಯ ಸಂಸ್ಥೆಯ ಅನುಮತಿಯೇ ಬೇಡ, ಕಟ್ಟಡ ಗಟ್ಟಿ ಎಂದು ಸ್ಟ್ರಕ್ಚರಲ್ ಇಂಜಿನಿಯರರ ಸರ್ಟಿಫಿಕೇಟಿನೊಡನೆ ಲಿಖಿತ ಮಾಹಿತಿ ಕೊಟ್ಟರೆ ಸಾಕು ಎಂದಾಯಿತು. 2023ರ ದೂರಸಂಪರ್ಕ ಕಾಯಿದೆಯೂ ಖಾಸಗಿ ಜಾಗದಲ್ಲಿ ಒಪ್ಪಂದದ ದಾರಿಯನ್ನೇ ಇಟ್ಟಿದೆ.

ಈ ನಿಯಮ ಬರೆದವರ ಮನಸ್ಸಿನಲ್ಲಿ ಯಾರಿದ್ದರು? ಪಟ್ಟಣದಲ್ಲಿ ಸ್ವಂತ ಮನೆ ಇರುವವನು. ಅವನು ತನ್ನ ಮಾಳಿಗೆಯನ್ನು ಬಾಡಿಗೆಗೆ ಕೊಡುತ್ತಾನೆ, ಅದೇ ಮಾಳಿಗೆಯ ಕೆಳಗೆ ಮಲಗುತ್ತಾನೆ. ಅಪಾಯ ಇದ್ದರೆ ಅವನಿಗೂ ಇದೆ, ಆದುದರಿಂದ ಯೋಚಿಸಿ ಸಹಿ ಹಾಕುತ್ತಾನೆ. ಎಸ್ಟೇಟಿನಲ್ಲಿ ಹಾಗಲ್ಲ. ಸಹಿ ಹಾಕುವವನು ಬಂಗಲೆಯಲ್ಲಿ ಅಥವಾ ದೂರದ ಪಟ್ಟಣದಲ್ಲಿ ಇದ್ದಾನೆ. ಕೆಳಗೆ ಮಲಗುವವರಿಗೆ ಮೂರು ತಲೆಮಾರು ದುಡಿದರೂ ಒಂದು ಸೆಂಟು ಜಾಗ ಇಲ್ಲ. ಕಾನೂನಿನ ಲೆಕ್ಕದಲ್ಲಿ ಪಾಡಿಯ ಇಪ್ಪತ್ತು ಮನೆಯವರು ಖಾಸಗಿ ಜಾಗದ ಒಳಗೆ ಬಿದ್ದಿರುವ ಸಾಮಾನಿನಂತೆ. ನಮ್ಮ ತಕರಾರು ಇದೇ: ಒಡೆಯನ ಒಪ್ಪಿಗೆ, ವಾಸಿಸುವವನ ಒಪ್ಪಿಗೆಯಾಗದು.

ಸತ್ಯವೇದದ ನ್ಯಾಯ ಇದಕ್ಕಿಂತ ನೇರವಾಗಿದೆ. ಧರ್ಮೋಪದೇಶಕಾಂಡ 22ರ 8ನೆಯ ವಚನ ತೆಗೆದು ಓದಿರಿ. ಹೊಸ ಮನೆ ಕಟ್ಟುವವನು ಮಾಳಿಗೆಯ ಸುತ್ತ ಗೋಡೆ ಎತ್ತಬೇಕು, ಎತ್ತದೆ ಯಾರಾದರೂ ಬಿದ್ದು ಸತ್ತರೆ ಆ ರಕ್ತದ ಹೊಣೆ ಮನೆಯವನದು ಎಂಬುದು ಅದರ ತಾತ್ಪರ್ಯ. ಬಿದ್ದವನು ಜಾಗದ ಒಡೆಯನೋ ಕೂಲಿಯವನೋ ಎಂದು ಅಲ್ಲಿ ಕೇಳಿಲ್ಲ. ನಮ್ಮ ದೇಶದ ಕಾನೂನಿಗೂ ಈ ಬುದ್ಧಿ ಒಮ್ಮೆ ಬಂದಿತ್ತು. 1951ರ ಪ್ಲಾಂಟೇಶನ್ ಲೇಬರ್ ಆಕ್ಟಿಗೆ 1981ರಲ್ಲಿ ತಿದ್ದುಪಡಿ ತಂದು, ಆಡಳಿತ ಕೊಟ್ಟ ಮನೆ ಕುಸಿದು ಕಾರ್ಮಿಕನೋ ಅವನ ಮನೆಯವರೋ ಸತ್ತರೆ, ಗಾಯಗೊಂಡರೆ, ಪರಿಹಾರದ ಹೊಣೆ ಆಡಳಿತದ್ದು ಎಂದು ಬರೆದರು. ಮನೆ ಕುಸಿದರೆ ಹೊಣೆ ಇದೆ ಎಂದು ಅಂದೇ ಒಪ್ಪಿದವರು, ಬಾಡಿಗೆಗಾಗಿ ಮನೆಯ ನೆತ್ತಿಯ ಮೇಲೆ ನಿಲ್ಲಿಸಿದ್ದಕ್ಕೆ ಹೊಣೆ ಇಲ್ಲ ಎನ್ನುವುದು ಯಾವ ನ್ಯಾಯ?

ಹಾಗಾದರೆ ಏನು ಮಾಡೋಣ? ಕೈಚೆಲ್ಲುವ ಮೆಂಬರುಗಳಿಗೆ ಕೈ ತುಂಬ ಕೆಲಸ ಕೊಡೋಣ.

ಒಂದು. ಕೇರಳದ 1994ರ ಪಂಚಾಯತ್ ರಾಜ್ ಕಾಯಿದೆಯಂತೆ ಗ್ರಾಮಸಭೆ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಪಾಡಿಯವರು ಅದಕ್ಕೆ ಹೋಗುವುದಿಲ್ಲ, ಹೋದರೂ ಹಿಂದಿನ ಬೆಂಚಿನಲ್ಲಿ ಕೂತು ಸಹಿ ಹಾಕಿ ಬರುತ್ತೇವೆ. ಇನ್ನು ಮುಂದೆ ಎದ್ದು ಕೇಳಬೇಕು, ಕೇಳಿದ್ದು ನಡಾವಳಿ ಪುಸ್ತಕದಲ್ಲಿ ದಾಖಲಾಗಬೇಕು. ನೀಲಗಿರಿಯ ನಮ್ಮ ಜನ ಗ್ರಾಮ ಪಂಚಾಯತಿ ಇರುವ ಕಡೆ ಮೇ ಒಂದರ ಗ್ರಾಮಸಭೆಯನ್ನು ಬಿಡಬಾರದು. ಕಾರ್ಮಿಕರ ದಿನದಂದೇ ಸೇರುವ ಸಭೆ ಅದು.

ಎರಡು. 2005ರ ಮಾಹಿತಿ ಹಕ್ಕಿನ ಕಾಯಿದೆಯಲ್ಲಿ ಹತ್ತು ರೂಪಾಯಿಯ ಅರ್ಜಿ ಸಾಕು, ಬಡತನ ರೇಖೆಯ ಕೆಳಗಿನವರಿಗೆ ಅದೂ ಬೇಡ. ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು. ಟವರಿನ ಬಗ್ಗೆ ಕಂಪನಿ ಪಂಚಾಯತಿಗೆ ಕೊಟ್ಟ ಮಾಹಿತಿ, ಇಂಜಿನಿಯರರ ಸರ್ಟಿಫಿಕೇಟು, ಜನರೇಟರಿನ ಕಾಗದ, ಇವುಗಳ ನಕಲು ಕೇಳಿರಿ. ಕಾಗದ ಬಂದರೆ ಓದೋಣ. ಬರದಿದ್ದರೆ, ಅಂಥ ಕಾಗದ ಇಲ್ಲ ಎಂಬ ಉತ್ತರವೇ ನಮ್ಮ ಆಧಾರ.

ಮೂರು. ಅಳತೆಯ ಶುಲ್ಕವನ್ನು ಪಾಡಿಯವರ ಮೇಲೆ ಹಾಕದೆ ಪಂಚಾಯತಿಯೋ ಬಾಡಿಗೆ ತಿನ್ನುವ ಎಸ್ಟೇಟೋ ಕಟ್ಟಲಿ ಎಂದು ನಿರ್ಣಯ ಮಾಡಿಸೋಣ.

ನಾಲ್ಕು. ಇಳಿಜಾರಿನ ವಿಷಯವನ್ನು ಕಲೆಕ್ಟರರಿಗೆ ಬರೆಯೋಣ. ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಅವರೇ ಅಧ್ಯಕ್ಷರು. 2015ರಲ್ಲಿ ವಯನಾಡಿನ ಕಟ್ಟಡಗಳ ಎತ್ತರಕ್ಕೆ ಮಿತಿ ಹಾಕಿದ್ದು ಅದೇ ಪ್ರಾಧಿಕಾರ. ಮನೆಯ ಎತ್ತರ ನೋಡಿದ ಕಣ್ಣು ಟವರಿನ ಬುಡವನ್ನೂ ನೋಡಲಿ.

ಇಷ್ಟೆಲ್ಲಾ ನಮ್ಮಿಂದ ಆಗುವುದೋ ಎನ್ನುವವರಿಗೆ ಒಂದು ಮಾತು. ಗ್ವಾಲಿಯರಿನಲ್ಲಿ ಒಬ್ಬ ಮನೆಗೆಲಸದವನು, ಕ್ಯಾನ್ಸರ್ ರೋಗಿ, ತಾನು ದುಡಿಯುವ ಮನೆಯ ಪಕ್ಕದ ಮಾಳಿಗೆಯ ಟವರಿನ ವಿರುದ್ಧ ಸುಪ್ರೀಂ ಕೋರ್ಟಿನವರೆಗೆ ಹೋದ. 2017ರಲ್ಲಿ ಕೋರ್ಟು ಅದನ್ನು ಏಳು ದಿನದೊಳಗೆ ಬಂದ್ ಮಾಡಿ ಎಂದು ಆದೇಶ ಕೊಟ್ಟಿತು. ಅದು ಮಧ್ಯಂತರ ಆದೇಶ, ಟವರಿನಿಂದಲೇ ರೋಗ ಬಂತೆಂಬ ತೀರ್ಪಲ್ಲ. ನಾನು ಇದನ್ನು ಹೇಳುವುದು ಬೇರೆ ಕಾರಣಕ್ಕೆ. ಆ ಜಾಗ ಅವನದಲ್ಲ, ಮನೆಯೂ ಅವನದಲ್ಲ. ಆದರೂ ದೇಶದ ದೊಡ್ಡ ಕೋರ್ಟು ಅವನ ಮಾತು ಕೇಳಿತು. ಜಾಗ ನಮ್ಮದಲ್ಲವಾದುದರಿಂದ ಬಾಯಿ ತೆರೆಯಬಾರದು ಎನ್ನುವವರು ಇದನ್ನು ನೆನಪಿಡಲಿ.

ದೊರೆಯ ಹತ್ತಿರ ಜಗಳ ಬೇಡ, ಪ್ರಾರ್ಥನೆ ಸಾಕು ಎನ್ನುವ ಹಿರಿಯರಿಗೂ ವಿನಯದಿಂದ ಹೇಳುತ್ತೇನೆ. ಪ್ರಾರ್ಥನೆ ಬಿಡಬಾರದೆಂದು ಕಲಿಸಲು ಕರ್ತನು ಆರಿಸಿಕೊಂಡ ಸಾಮ್ಯ ಯಾವುದು? ಲೂಕನ 18ನೆಯ ಅಧ್ಯಾಯದ ವಿಧವೆ. ಅವಳು ನ್ಯಾಯಾಧಿಪತಿಯ ಬಾಗಿಲಿಗೆ ಮತ್ತೆ ಮತ್ತೆ ಹೋದಳು, ಅವನು ಬೇಸತ್ತು ನ್ಯಾಯ ಕೊಡುವವರೆಗೂ ಬಿಡಲಿಲ್ಲ. ಬರುವ ಗ್ರಾಮಸಭೆಗೆ ಪ್ರತಿ ಮನೆಯಿಂದ ಒಬ್ಬರಾದರೂ ಬನ್ನಿ. ಅರ್ಜಿ ಬರೆಯಲು ಬಾರದವರು ಆರಾಧನೆ ಮುಗಿದ ಮೇಲೆ ಉಳಿದುಕೊಳ್ಳಿ, ಕೂತು ಬರೆಯೋಣ.